ಸ್ಟೇ ಇನ್ನೆಷ್ಟು ಚಾಟಣಿ

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕ ಬಿಡಿಸುವ ಮೊದಲು ಉತ್ತರ ಸುಮಾರು ಎಷ್ಟು ಬರಬಹುದು ಅಂತ ಅಂದಾಜು ಹಿಡಿಯಿರಿ ಎಂದು ವರ್ಷವರ್ಷವೂ ಬೋರ್ಡಿನ ಮುಂದೆ ನಿಂತು ಗಂಟಲು ಹರಿದುಕೊಳ್ಳುತ್ತೇನೆ. ಅಪ್ಪನ ದ್ರಾಕ್ಷಿ ತೋಟದ ಮೇಲೆ ಕೋರ್ಟಿನ ಸ್ಟೇ ಬಂದಾಗ, ಅದು ಎಷ್ಟು ದಿನ ಇರುತ್ತದೆ ಎಂಬ ಅಂದಾಜು ಹಿಡಿಯುವ ಕೆಲಸವೂ ನನ್ನ ಪಾಲಿಗೇ ಬಂತು. ಮಗಳು ಲೆಕ್ಕದ ಟೀಚರು, ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ ಅನ್ನುವುದು ಅಪ್ಪನ ನಂಬಿಕೆ.

ತೋಟ ಇರುವುದು ಅಥಣಿಯ ಕಡೆ, ನಮ್ಮ ಹಳ್ಳಿಯಲ್ಲಿ. ಅಪ್ಪ ಮತ್ತು ಅವನ ತಮ್ಮ, ಅಂದರೆ ನನ್ನ ಕಾಕಾ, ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡಿದ್ದರು. ನಡುವೆ ಒಂದು ಬದು. ಈಚೆ ಅಪ್ಪನ ದ್ರಾಕ್ಷಿ, ಆಚೆ ಕಾಕಾನ ಕಬ್ಬು. ಕಾಗದದಲ್ಲಿ ಮಾತ್ರ ಇಬ್ಬರ ಹೆಸರೂ ಒಟ್ಟಿಗೇ ಉಳಿದಿತ್ತು, ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ. ನಾನು ಅಪ್ಪನಿಗೆ ಒಬ್ಬಳೇ ಮಗಳು. ಅವನು ತನ್ನ ಪಾಲನ್ನು ನನ್ನ ಹೆಸರಿಗೆ ಮಾಡಿಸಲು ಓಡಾಡತೊಡಗಿದಾಗ ಕಾಕಾನ ಗಂಡುಮಕ್ಕಳ ಹೊಟ್ಟೆಗೆ ಬೆಂಕಿ ಬಿತ್ತು. ಮಗಳ ಹೆಸರಿಗೆ ಹೋದ ಹೊಲ ಅಳಿಯನ ಮನೆತನಕ್ಕೆ ಹೋದಂತೆ ಅಂದರು. ಅಪ್ಪನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಕಾಕಾನ ಕೈಯಲ್ಲಿ ಸಹಿ ಹಾಕಿಸಿ ಅಥಣಿಯ ಕೋರ್ಟಿನಲ್ಲಿ ದಾವೆ ಹೂಡಿದರು. ಈ ಜಗಳಕ್ಕೆ ಮೂಲ ನಾನು ಅನ್ನುವುದು ನನ್ನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದೆ. ನಾನು ಹೊಲ ಕೇಳಿದವಳಲ್ಲ. ಕೇಳದಿದ್ದರೂ ಕೊಡಬೇಕು ಅನ್ನುವ ಅಪ್ಪ ಸಿಕ್ಕಿದ್ದ, ಅಷ್ಟೇ.

ಸ್ಟೇ ಆದ ದಿನ ನಮ್ಮ ವಕೀಲರು ಅಪ್ಪನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. "ತೀರ್ಪು ಆಗೂತನಕ ಹೊಲ ಈಗ ಹೆಂಗೈತಿ ಹಂಗ ಇರಬೇಕ್ರಿ ಯಜಮಾನ್ರ. ಮಾರಾಕ ಇಲ್ಲ, ಯಾರ ಹೆಸರಿಗೂ ಬರಸಾಕ ಇಲ್ಲ. ಹೊಸಾ ಬೋರ್ ಇಲ್ಲ, ಶೆಡ್ ಇಲ್ಲ. ಅಲ್ಲಿ ಒಂದ ಗುದ್ದಲಿ ಸೈತ ಹಾಕಬ್ಯಾಡ್ರಿ, ತಿಳೀತಲ್ಲ?"

"ತಿಳೀತ್ರಿ. ಎಷ್ಟ ದಿನ ಇರ್ತೈತಿ ಇದು?"

"ಒಂದ ವರ್ಷ. ಹೆಚ್ಚಂದ್ರ ಎರಡ."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ಬೆರಳು ಮಡಿಚಿದ. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರ ಎರಡ ಚಾಟಣಿ. ಹೆಚ್ಚಂದ್ರ ನಾಕು. ನಡೀತೈತಿ ತಗೋ," ಅಂದ.

ಚಾಟಣಿ ಅಂದರೆ ಬಳ್ಳಿ ಕತ್ತರಿಸುವುದು. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಆಡಿಸುತ್ತಾರೆ. ಬೇಸಿಗೆಯಲ್ಲಿ ಒಮ್ಮೆ, ಕಡ್ಡಿ ಗಟ್ಟಿಯಾಗಲಿ ಎಂದು. ದಸರೆಯ ಹಿಂದುಮುಂದೆ ಇನ್ನೊಮ್ಮೆ, ಹಣ್ಣಿಗೆ. ಅಪ್ಪ ವಯಸ್ಸನ್ನೂ ಸಾಲವನ್ನೂ ನನ್ನ ಮದುವೆಯನ್ನೂ ಚಾಟಣಿಯಲ್ಲೇ ಎಣಿಸಿದವನು. ಕೋರ್ಟನ್ನು ಮಾತ್ರ ಬಿಟ್ಟಾನೆಯೇ?

ಗುದ್ದಲಿ ಹಾಕಬೇಡಿ ಎಂದು ವಕೀಲರು ಅಂದಿದ್ದರಲ್ಲ, ಅಪ್ಪ ಅಂದಿನಿಂದ ಗುದ್ದಲಿಯನ್ನು ಮನೆಯ ಅಟ್ಟಕ್ಕೇರಿಸಿದ. ಕತ್ತರಿ ಆಡಿಸಿದ, ಔಷಧ ಹೊಡೆದ, ನೀರು ಬಿಟ್ಟ. ನೆಲ ಅಗೆಯುವ ಕೆಲಸ ಮಾತ್ರ ಒಂದನ್ನೂ ಮಾಡಲಿಲ್ಲ. ಬಳ್ಳಿಯ ಸಾಲಿಗೆ ಅಗೆದು ಹಾಕಬೇಕಾದ ತಿಪ್ಪೆಗೊಬ್ಬರವನ್ನು ಮೇಲೆಯೇ ಚೆಲ್ಲಿದ. ಒಂದು ಸಲ ಗಾಳಿಗೆ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಕಂಬಗಳು ಬಿದ್ದವು. ಕಂಬ ನೆಡಲು ಕುಣಿ ತೋಡಬೇಕು. ತೋಡದೆ, ಹಣ್ಣನ್ನು ಹಸಿಯದನ್ನೇ ಮಾರಿ ಕೈತೊಳೆದುಕೊಂಡ. ನಾನು ರೇಗಿದೆ. "ಗೊಬ್ಬರಕ್ಕ ಅಗದ್ರ ಯಾರ ಕೇಳ್ತಾರ ಅಪ್ಪಾ?" ಅಂದೆ. ಅವನು ಬದುವಿನ ಕಡೆ ಗದ್ದ ಎತ್ತಿ ತೋರಿಸಿದ. ಕಾಕಾನ ಸಣ್ಣ ಮಗ ಅಲ್ಲಿ ಮೊಬೈಲು ಹಿಡಿದು ನಿಂತಿದ್ದ.

"ಫೋಟೋ ತಗದ ಕೋರ್ಟಿಗೆ ಹಾಕಿದ್ರ ನಿನ್ನ ಪಾಲ ಹೋಗ್ತೈತಿ ಯವ್ವಾ. ಕೋರ್ಟಿನ ಮಾತ ಮೀರಬಾರದು."

ಆ ಹುಡುಗ ಫೋಟೋ ತೆಗೆಯುತ್ತಿದ್ದನೋ, ಹೆಂಡತಿಯ ಸಂಗಡ ಮಾತಾಡುತ್ತಿದ್ದನೋ ಇಂದಿಗೂ ಗೊತ್ತಿಲ್ಲ. ಹೆದರಿದವನ ಮೇಲೆ ಹಗ್ಗ ಎಸೆದರೂ ಹಾವೇ.

ತೋಟದ ಮೂಲೆಯಲ್ಲಿ ಬದುವಿಗೆ ಹತ್ತಿಕೊಂಡು ಒಂದು ಬನ್ನಿ ಗಿಡವಿದೆ. ಅವ್ವನ ಸಮಾಧಿ ಅದರ ಬುಡದಲ್ಲಿದೆ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಹೊಲ ಇದ್ದವರು ತಮ್ಮ ಹೊಲದಲ್ಲೇ, ಇಲ್ಲದವರು ಊರ ಹಳ್ಳದ ದಂಡೆಯಲ್ಲಿ. ಅವ್ವ ದಾವೆಗಿಂತ ಎಷ್ಟೋ ಮೊದಲೇ ಹೋದಳು. ಅವಳನ್ನು ಕುಣಿಯಲ್ಲಿ ಕೂಡಿಸಿ ಮಣ್ಣು ಎಳೆದ ದಿನವೇ ಅಪ್ಪ ಆಕೆಯ ಬಲಗಡೆಗೆ ಒಂದು ಚಪ್ಪಡಿ ಕಲ್ಲು ಹಾಸಿಟ್ಟಿದ್ದ. ಅದು ಅವನ ಜಾಗ. ಅಂದಿನಿಂದ ಮಧ್ಯಾಹ್ನದ ಬುತ್ತಿಯನ್ನು ಅಲ್ಲಿಯೇ ಬಿಚ್ಚುತ್ತಿದ್ದ. ರೊಟ್ಟಿಯ ಮೇಲೆ ಝುಣಕ ಹಚ್ಚಿಕೊಂಡು, ಒಂದು ತುತ್ತನ್ನು ಅವ್ವನ ಕಡೆ ಇಟ್ಟು, ಆಮೇಲೆ ತಾನು ಬಾಯಿಗೆ ಹಾಕುತ್ತಿದ್ದ. ನಾನು ಬೈದರೆ, "ರೂಢಿ ಮಾಡ್ಕೊಳ್ಳಾಕತ್ತೇನಿ. ಒಮ್ಮಿಗೇ ಹೋಗಿ ಕುಂತ್ರ ನಿಮ್ಮವ್ವ ಜಗಳಾ ತಗೀತಾಳ," ಎಂದು ನಗುತ್ತಿದ್ದ.

ಎಳ್ಳಮಾವಾಸ್ಯೆಗೆ ಎರಡೂ ಮನೆಯವರು ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಒಂದೇ ಕಂಬಳಿ ಹಾಸಿ ಉಣ್ಣುವ ಪದ್ಧತಿ ಇತ್ತು. ದಾವೆ ಬಿದ್ದ ಮೇಲೆ ಕಂಬಳಿ ಎರಡಾಯಿತು. ನಾವು ಈಚೆ, ಅವರು ಆಚೆ. ಹೊಲಕ್ಕೆ ಎಡೆಯ ಚರಗ ಚೆಲ್ಲುವಾಗ ಮಾತ್ರ ಕಾಕಾನ ಹೆಂಡತಿ, ನನ್ನ ಚಿಗವ್ವ, ಬದು ದಾಟಿ ಬರುತ್ತಿದ್ದಳು. ಯಾರ ಮುಖವನ್ನೂ ನೋಡದೆ ಅವ್ವನ ಮುಂದೆ ಎಳ್ಳಿನ ಹೋಳಿಗೆ ಇಟ್ಟು, ಸೆರಗು ಎಳೆದುಕೊಂಡು ಹೊರಟುಹೋಗುತ್ತಿದ್ದಳು. ಅಪ್ಪ ಅದನ್ನು ಕಂಡೂ ಕಾಣದ ಹಾಗೆ ದ್ರಾಕ್ಷಿ ಎಲೆ ತಿರುವಿ ನೋಡುತ್ತ ನಿಲ್ಲುತ್ತಿದ್ದ.

ವಕೀಲರು ಹೇಳಿದ ಎರಡು ವರ್ಷ ಬಂತು, ಹೋಯಿತು. ನಾನು ಮೊಬೈಲಿನಲ್ಲಿ ಕೇಸಿನ ತಾರೀಖು ನೋಡುವುದನ್ನು ಕಲಿತೆ. ಒಂದು ತಾರೀಖಿಗೂ ಮುಂದಿನದಕ್ಕೂ ಎಷ್ಟು ಅಂತರ, ಯಾವ ಯಾವ ಕಾರಣಕ್ಕೆ ಮುಂದೆ ಹೋಯಿತು, ಸಾಕ್ಷಿ ಎಷ್ಟು ಜನ ಉಳಿದಿದ್ದಾರೆ, ಎಲ್ಲ ಹಿಡಿದು ಸರಾಸರಿ ತೆಗೆದೆ. ಮುಂದಿನ ಹಣ್ಣಿನ ಚಾಟಣಿಯೊಳಗೆ ಮುಗಿಯುತ್ತದೆ ಎಂದು ಅಪ್ಪನಿಗೆ ಹೇಳಿದೆ. ಆ ಚಾಟಣಿಯ ಹೊತ್ತಿಗೆ ನ್ಯಾಯಾಧೀಶರಿಗೆ ವರ್ಗವಾಯಿತು. ಹೊಸಬರು ಬಂದು ಎಲ್ಲವನ್ನೂ ಮೊದಲಿನಿಂದ ಓದಬೇಕು ಅಂದರು. ನನ್ನ ಸರಾಸರಿ ಹಳ್ಳ ಹಿಡಿಯಿತು.

ಕೋರ್ಟಿನ ಆವರಣದಲ್ಲಿ ಅಂದಾಜು ಹೇಳುವವರಿಗೆ ಬರವಿಲ್ಲ. ಚಹಾದ ಗಾಡಿಯವನು ವಕೀಲರ ಮುಖ ನೋಡಿಯೇ ಅಂದಾಜು ಹೇಳುತ್ತಿದ್ದ. "ಇವರ ಕೈಯಾಗ ಬಿದ್ದದ್ದು ಲಗೂನ ಹೋಗೂದಿಲ್ರಿ," ಎಂದು ನಮ್ಮ ವಕೀಲರಿಗೆ ಚಹಾ ಕೊಡುತ್ತಲೇ ನನಗೆ ಪಿಸುಗುಟ್ಟಿದ್ದ. ಹಾರೂಗೇರಿಯ ಕಡೆಯ ಒಬ್ಬ ಮುದುಕರು ಪ್ರತಿ ತಾರೀಖಿಗೂ ನಮ್ಮ ಬೆಂಚಿಗೇ ಬಂದು ಕೂಡುತ್ತಿದ್ದರು. ಅವರ ಹೊಲದ ಮೇಲಿನ ಸ್ಟೇ ಅವರ ತಂದೆಯ ಕಾಲದ್ದು. "ಅಪ್ಪನ ಕಡಿಂದ ನನಗ ವಾರಸಾ ಬಂದದ್ದ ಇದೊಂದೇ ನೋಡ್ರಿ," ಎಂದು ಅವರು ನಕ್ಕರೆ ಅಪ್ಪನೂ ತೊಡೆ ತಟ್ಟಿ ನಗುತ್ತಿದ್ದ. ಗೆದ್ದವ ಸೋತ, ಸೋತವ ಸತ್ತ ಅನ್ನುವ ಗಾದೆಯನ್ನು ಇಬ್ಬರೂ ಕೂಡಿಯೇ ಹೇಳುತ್ತಿದ್ದರು. ಕಾಕಾ ಅಷ್ಟು ದೂರದ ಇನ್ನೊಂದು ಬೆಂಚಿನಲ್ಲಿ ಮಕ್ಕಳ ನಡುವೆ ಕೂತು, ಅಣ್ಣ ನಗುವುದನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ಒಮ್ಮೆ ಅಪ್ಪನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಕಾಕಾ ನೀರಿನ ಬಾಟಲಿ ಹಿಡಿದು ಅರ್ಧ ಎದ್ದವನು, ಮಗ ತೋಳು ಹಿಡಿದದ್ದಕ್ಕೆ ಮತ್ತೆ ಕೂತ.

ಆ ಕೆಮ್ಮು ನಿಲ್ಲಲಿಲ್ಲ. ಅಪ್ಪನನ್ನು ಮಿರಜಿಗೆ ಒಯ್ದೆವು. ಎದೆಯೊಳಗೆ ಗಂಟು ಇದೆ, ಹಬ್ಬಿದೆ ಅಂದರು ಡಾಕ್ಟರು. ಎಷ್ಟು ದಿನ ಎಂದು ನಾನು ಅವರನ್ನೂ ಕೇಳಿದೆ. ಕೇಳಿ ಕೇಳಿ ಬಾಯಿಗೆ ಅದೊಂದೇ ಪ್ರಶ್ನೆ ರೂಢಿಯಾಗಿಬಿಟ್ಟಿತ್ತು. ಅವರು ಹೇಳಿದ ದಿನಗಳು ಬಹಳ ಕಡಿಮೆ.

ಅಪ್ಪ ನನ್ನ ಮನೆಯಲ್ಲಿ, ಚಿಕ್ಕೋಡಿಯಲ್ಲಿ ಉಳಿದ. ಆಮೇಲೆ ಅವನ ಮಾತೆಲ್ಲ ಎರಡೇ ಪ್ರಶ್ನೆಗೆ ಇಳಿಯಿತು. ಮಿರಜಿನಿಂದ ಬಂದ ದಿನ, "ಡಾಕ್ಟರ್ ಏನಂದಾ?" ಅಥಣಿಯಿಂದ ಬಂದ ದಿನ, "ವಕೀಲ ಏನಂದಾ?" ಎರಡೂ ಉತ್ತರಗಳನ್ನು ಅವನು ಮನಸ್ಸಿನಲ್ಲೇ ಒಂದರ ಪಕ್ಕ ಒಂದು ಇಟ್ಟು ಅಳೆಯುತ್ತಿದ್ದ. ಸ್ಟೇ ಮೊದಲು ಹೋಗುತ್ತದೋ, ತಾನು ಮೊದಲು ಹೋಗುತ್ತಾನೋ. ಸ್ಟೇ ಮೊದಲು ಹೋದರೆ ಬನ್ನಿ ಗಿಡ, ಇಲ್ಲದಿದ್ದರೆ ಹಳ್ಳದ ದಂಡೆ. ನನಗದು ತಿಳಿಯುತ್ತಿತ್ತು. ಅದಕ್ಕೆ ಎರಡೂ ಕಡೆ ಉತ್ತರ ತಿದ್ದಿದೆ. ಡಾಕ್ಟರು ಹೇಳಿದ್ದನ್ನು ಹಿಗ್ಗಿಸಿ, ವಕೀಲರು ಹೇಳಿದ್ದನ್ನು ಕುಗ್ಗಿಸಿ, ಹೇಗಾದರೂ ಅಪ್ಪನೇ ಗೆಲ್ಲುವ ಹಾಗೆ ಲೆಕ್ಕ ಕೂಡಿಸಿದೆ. ಅಪ್ಪ ನನ್ನ ಮುಖವನ್ನೇ ನೋಡುತ್ತ, "ಛಲೋ ಲೆಕ್ಕ ಬರ್ತೈತಿ ನಿನಗ," ಅಂದ. ಬಳ್ಳಿಯ ಕಣ್ಣು ನೋಡಿ ಗೊನೆ ಎಷ್ಟು ಬರುತ್ತದೆ ಎಂದು ಹೇಳುವವನಿಗೆ ಮಗಳ ಕಣ್ಣು ಓದಲು ಬರುವುದಿಲ್ಲವೇ?

ಬೇಸಿಗೆಯ ಚಾಟಣಿ ಮುಗಿದಿತ್ತು. ತೋಟದಲ್ಲಿ ದುಡಿಯುವವರಿಗೆ ಅಪ್ಪ ಫೋನಿನಲ್ಲೇ ಹೇಳಿ ಮಾಡಿಸಿದ್ದ. ಒಂದು ಸಂಜೆ ನನ್ನನ್ನು ಹತ್ತಿರ ಕೂಡಿಸಿಕೊಂಡ. ಉಸಿರು ಎಳೆದು ಎಳೆದು ಮಾತಾಡಿದ.

"ನೋಡ ಯವ್ವಾ, ಸ್ಟೇ ಇರೂದ್ರಾಗ ನಾ ಹ್ವಾದೆ ಅಂದ್ರ ಅಲ್ಲಿ ಗುದ್ದಲಿ ಹಾಕಬ್ಯಾಡ್ರಿ. ಇಷ್ಟ ದಿನಾ ತಡದೇವಿ, ನನ್ನ ಸಲುವಾಗಿ ನಿನ್ನ ಪಾಲ ಕೆಡಸ್ಕೋಬ್ಯಾಡ. ಹಳ್ಳದ ದಂಡಿಗೆ ಒಯ್ಯಿ. ಅಲ್ಲೂ ಮಣ್ಣ ತಣ್ಣಗೈತಿ."

"ಸಾಯೂ ಮಾತ ಯಾಕ ಆಡ್ತಿ? ಸುಮ್ನಿರ," ಎಂದು ನಾನು ಸಿಡುಕಿದೆ. ಸಿಡುಕಿ, ಅಡುಗೆಮನೆಗೆ ಹೋಗಿ ನಲ್ಲಿ ತಿರುವಿ ಅತ್ತೆ.

ಕೋರ್ಟಿಗೆ ಬೇಸಿಗೆ ರಜೆ ಬಿದ್ದಿತ್ತು. ಆ ರಜೆಯಲ್ಲೇ ಒಂದು ಬೆಳಿಗ್ಗೆ, ನಾನು ಚಹಾ ಸೋಸುತ್ತಿದ್ದಾಗ, ಅಪ್ಪ ಹೋದ. ಗಾಡಿಯಲ್ಲಿ ಕೃಷ್ಣೆ ದಾಟಿಸಿ ಊರಿಗೆ ಕರೆದುಕೊಂಡು ಹೋದೆವು. ಅಂಗಳದಲ್ಲಿ ಕೂಡಿಸಿ ವಿಭೂತಿ ಹಚ್ಚಿದರು. ಊರಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ಕುಣಿ ಎಲ್ಲಿ ತಗಸೂಣವ್ವಾ? ತ್ವಾಟದಾಗಲ್ಲೇನ?" ಎಂದು ಕೇಳಿದರು. ಕೇಳುವುದೇ ಬೇಕಿಲ್ಲ ಅನ್ನುವಂತೆ ಅವರ ಹಿಂದೆ ನಾಲ್ಕು ಜನ ಗುದ್ದಲಿ, ಸಲಿಕೆ ಹಿಡಿದು ನಿಂತಿದ್ದರು.

"ಅಲ್ಲಿ ಬ್ಯಾಡ್ರಿ. ಹಳ್ಳದ ದಂಡಿಗೆ," ಅಂದೆ.

ಗುದ್ದಲಿ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ಕಂಬಕ್ಕೆ ಒರಗಿ ನಿಂತಿದ್ದ. ನನ್ನ ಮಾತು ಕೇಳಿ ತಲೆ ಎತ್ತಿ ನೋಡಿದ. ಆ ನೋಟ ನನಗೆ ಮರೆಯುವುದಿಲ್ಲ. ಆಮೇಲೆ ಮುಖ ತಿರುಗಿಸಿದವನು ಮತ್ತೆ ನನ್ನ ಕಡೆ ನೋಡಲೇ ಇಲ್ಲ. ಹಳ್ಳದ ದಂಡೆಯಲ್ಲಿ ಎಲ್ಲರ ಹಾಗೆ ಪತ್ರಿ ಹಾಕಿದ, ಮಣ್ಣು ಹಾಕಿದ, ಯಾರ ಸಂಗಡವೂ ಮಾತಾಡದೆ ನಡೆದುಹೋದ. ಅಣ್ಣ ಸತ್ತ ಮೇಲೂ ಅವನ ಮಗಳ ಮೇಲೆ ಹಗೆ ಸಾಧಿಸುತ್ತಾನಲ್ಲ ಎಂದು ನಾನು ಮನಸ್ಸಿನಲ್ಲೇ ಅವನನ್ನು ಶಪಿಸಿದೆ.

ರಜೆ ಮುಗಿದ ಮೇಲೆ ಅಪ್ಪನ ಬದಲು ನನ್ನ ಹೆಸರು ಕೇಸಿನಲ್ಲಿ ಸೇರಿಸಬೇಕು ಎಂದು ಅಥಣಿಗೆ ಹೋದೆ. ವಕೀಲರು ಬಹಳ ನೊಂದುಕೊಂಡರು. ಚಹಾ ತರಿಸಿದರು. ಮಾತಿನ ನಡುವೆ, "ತ್ವಾಟದಾಗ ಇಟ್ರೇನ್ರಿ ಅವರನ್ನ, ನಿಮ್ಮವ್ವಾರ ಕಡೆ?" ಎಂದು ಕೇಳಿದರು.

"ಇಲ್ರಿ. ಸ್ಟೇ ಇತ್ತಲ್ರಿ. ಗುದ್ದಲಿ ಹಾಕಬ್ಯಾಡ್ರಿ ಅಂದಿದ್ರಿ ನೀವು."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಅಯ್ಯ ಟೀಚರ, ಮಣ್ಣ ಮಾಡಾಕ ಯಾವ ಸ್ಟೇ ಅಡ್ಡ ಬರ್ತೈತ್ರಿ? ನಾ ಅಂದದ್ದು ಬೋರ್, ಬಿಲ್ಡಿಂಗ್ ಹಾಕಬ್ಯಾಡ್ರಿ ಅಂತ. ನಿಮ್ಮ ಕಾಕಾ ಹೂಂ ಅಂದಿದ್ರ ಮಾತ ಮುಗೀತಿತ್ತು. ಅವರು ಬ್ಯಾಡ ಅಂತಿದ್ರೇನು? ನನಗ ಒಂದ ಮಾತ ಕೇಳಬೇಕಿಲ್ಲೇನ್ರಿ?"

ಕೇಳಬೇಕಿತ್ತು. ಆದರೆ ಕೇಳುವುದು ಹೇಗೆ? ನಮ್ಮಲ್ಲಿ ಜೀವ ಇರುವವರ ಕುಣಿಯ ಮಾತನ್ನು ಮನೆಯವರು ಎತ್ತುವುದಿಲ್ಲ. ಎತ್ತಿದರೆ ಕರೆದಂತೆ. ಅಪ್ಪ ತಾನು ಬೇಕಾದಷ್ಟು ಚೇಷ್ಟೆ ಮಾಡಬಹುದು, ನಾವು ಬಾಯಿ ಬಿಡುವಂತಿಲ್ಲ. ಹೋದ ದಿನ ಕೇಳಬಹುದಿತ್ತು, ಆದರೆ ಅವನೇ ಬೇಡ ಅಂದಿದ್ದನಲ್ಲ. ಹೀಗೆ ಪ್ರತಿ ತಾರೀಖಿಗೂ ವಕೀಲರ ಎದುರು ಕೂತು ಎಷ್ಟು ದಿನ, ಎಷ್ಟು ದಿನ ಎಂದು ಕೇಳಿದೆವು. ಅದು ಯಾವುದನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂದು ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಲೆಕ್ಕವನ್ನೇ ಸರಿಯಾಗಿ ಓದದೆ ಉತ್ತರಕ್ಕೆ ಒದ್ದಾಡುವ ಹುಡುಗರ ಕಿವಿ ಹಿಂಡಿದವಳು ನಾನು. ಅಂದು ಬಸ್ಸಿನಲ್ಲಿ ಅಥಣಿಯಿಂದ ಚಿಕ್ಕೋಡಿಯವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ಬಂದೆ. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಳು.

ಅಪ್ಪನನ್ನು ಈಗ ಅಲ್ಲಿಂದ ತರುವ ಹಾಗಿಲ್ಲ. ಮಣ್ಣಾದವರನ್ನು ಎಬ್ಬಿಸಬಾರದು ಎಂದು ಹಿರಿಯರು ಹೇಳಿದರು. ನನಗೂ ಧೈರ್ಯವಿಲ್ಲ.

ಮುಂದಿನ ತಾರೀಖಿಗೆ ಹೋದಾಗ ಕಾಕಾ ನಮ್ಮ ಬೆಂಚಿನ ಮೇಲೆ ಕೂತಿದ್ದ, ಅಪ್ಪ ಕೂಡುತ್ತಿದ್ದ ಕಡೆಯೇ. ಮಕ್ಕಳು ಝೆರಾಕ್ಸ್ ಮಾಡಿಸಲು ಹೋಗಿದ್ದರು. ಎರಡೇ ತಿಂಗಳಲ್ಲಿ ಹತ್ತು ವರ್ಷ ಮುದುಕನಾದವನ ಹಾಗೆ ಕಂಡ. ನಾನು ದಾಟಿ ಹೋಗುತ್ತಿದ್ದೆ.

"ಯವ್ವಾ, ಬಾ ಇಲ್ಲೆ. ಕೂಡು," ಅಂದ. ಕೂಡಲಿಲ್ಲ, ನಿಂತೆ.

"ನೀ ಲೆಕ್ಕದ ಟೀಚರ ಅದಿ. ಹೇಳ ನೋಡೂಣು, ಇದು ಇನ್ನ ಎಷ್ಟ ದಿನ ಹಿಡೀತೈತಿ?"

ನನಗೆ ಮೈಯೆಲ್ಲ ಉರಿಯಿತು. "ದಾವೆ ಹಾಕಿದಾಂವ ನೀನು. ನನ್ನ ಕೇಳ್ತಿಯೇನ ಕಾಕಾ?"

ಅವನು ಸಿಟ್ಟಾಗಲಿಲ್ಲ. ಕೋಲಿನ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದ. "ಅಣ್ಣನ್ನ ನೀ ಹಳ್ಳಕ್ಕ ಒಯ್ದಾಗ ನನಗ ಭಾಳ ಸಿಟ್ಟ ಬಂದಿತ್ತು. ಇನ್ನೊಂದ ಸಮಾಧಿ ಆದ್ರ ಹೊಲಕ್ಕ ಗಿರಾಕಿ ಬರೂದಿಲ್ಲ, ಮಾರಾಕ ಹಿಂಗ ಮಾಡ್ಯಾಳ ಅಂದಕೊಂಡಿದ್ದೆ. ಮೊನ್ನೆ ನಮ್ಮ ಸಣ್ಣಾಂವ ಹೇಳಿದಾ, ಸ್ಟೇ ಇದ್ರ ಅಲ್ಲಿ ಅಗಿಯಾಕ ಬರೂದಿಲ್ಲಂತ. ಅದಕ್ಕ ಕೇಳಾಕತ್ತೇನಿ." ಕೋಲಿನಿಂದ ಗೆರೆಯ ಆಚೆ ಒಂದು ಚುಕ್ಕೆ ಕುಟ್ಟಿದ. "ನಂದೂ ಜಾಗಾ ಅಲ್ಲೇ ಐತಿ, ಬನ್ನಿ ಗಿಡದ ಆಚೆ ಕಡೆ. ಅಣ್ಣನೂ ನಾನೂ ಕೂಡೇ ನೋಡಿ ಇಟ್ಟಿದ್ದಿವು. ನಾ ಇರೂದ್ರಾಗ ಹೋಗ್ತೈತೇನ ಯವ್ವಾ ಈ ಸ್ಟೇ?"

ನಾನು ಅವನ ಪಕ್ಕದಲ್ಲಿ ಕೂತೆ. ಅವನ ಕೈ ಹಿಡಿದುಕೊಂಡೆ. ಮುಂಗೈಯ ನರಗಳೆಲ್ಲ ಅಪ್ಪನವೇ.

"ಚಿಂತಿ ಮಾಡಬ್ಯಾಡ ಕಾಕಾ. ಮಣ್ಣ ಮಾಡಾಕ ಸ್ಟೇ ಅಡ್ಡ ಬರೂದಿಲ್ಲಂತ. ವಕೀಲರ ಹೇಳ್ಯಾರ. ನಾ ಬ್ಯಾಡ ಅನ್ನೂದಿಲ್ಲ, ಬೇಕಾದ್ರ ಈಗ ಬರದ ಕೊಡ್ತೇನಿ. ನಿನ್ನ ಜಾಗಾ ನಿನಗ ಸಿಗ್ತೈತಿ."

ಅವನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ನಿಧಾನಕ್ಕೆ ಬಾಡಿತು.

"ಹಂಗಾರ ಅಣ್ಣನ್ನ ಯಾಕ ಹಳ್ಳದಾಗ ಬಿಟ್ಟ ಬಂದಿವು?"

ಒಳಗೆ ನಮ್ಮ ಕೇಸು ಕೂಗಿದರು. ಅವನ ಮಕ್ಕಳು ಇನ್ನೂ ಬಂದಿರಲಿಲ್ಲ. ನಾನೇ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ತಾರೀಖು ಹಣ್ಣಿನ ಚಾಟಣಿಯ ಆಚೆಗೆ ಹೋಯಿತು.